ಖಾನಾಪುರದ ಕಾಡಿನಲ್ಲಿ ನಾಲ್ಕು ದಿನದ ಬಿಡಾರ

ಕಾಡಿಗೆ ಅಂಜಿ ಮನುಷ್ಯನು ಊರು ಕಟ್ಟಿದನು; ಊರಿನ ಗದ್ದಲಕ್ಕೆ ಬೇಸತ್ತು ಈಗ ಮತ್ತೆ ಕಾಡನ್ನು ಹುಡುಕುತ್ತ ಹೊರಟಿದ್ದಾನೆ. ವರ್ಷದ ಹನ್ನೊಂದು ತಿಂಗಳು ಗಡಿಯಾರದ ಮುಳ್ಳಿಗೆ ಕಟ್ಟುಬಿದ್ದು ದುಡಿಯುವ ನಗರವಾಸಿಗೆ ‘ಎಲ್ಲಿಯಾದರೂ ನಾಲ್ಕು ದಿನ ಸುಮ್ಮನೆ ಇದ್ದು ಬರಬೇಕು’ ಎಂಬ ಆಸೆ ಹುಟ್ಟುವುದು ಸಹಜವೇ. ಆದರೆ ಸುಮ್ಮನೆ ಇರುವ ಸ್ಥಳವು ಸುಲಭವಾಗಿ ದೊರೆಯುವಂಥದಲ್ಲ. ತೀರ್ಥಕ್ಷೇತ್ರಕ್ಕೆ ಹೋದರೆ ಸರತಿಯ ಸಾಲು. ನೆಂಟರ ಮನೆಗೆ ಹೋದರೆ ಉಪಚಾರದ ಭಾರ. ಹೆಸರಾದ ಗಿರಿಧಾಮಕ್ಕೆ ಹೋದರೆ ಊರಿನ ಪೇಟೆಯೇ ತನಗಿಂತ ಮೊದಲು ಬೆಟ್ಟ ಹತ್ತಿ ಕುಳಿತಿರುವ ದೃಶ್ಯ!

ಇವೆಲ್ಲಕ್ಕಿಂತ ಬೇರೆಯಾದ ಒಂದು ದಾರಿಯಿದೆ. ಗುಡ್ಡದ ಮಗ್ಗುಲಿನಲ್ಲಿರುವ ಒಂಟಿ ಮನೆಯೊಂದನ್ನು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿಯುವುದು. ಅಕ್ಕಿ ಬೇಳೆಗಳನ್ನು ಜೊತೆಯಲ್ಲಿ ಒಯ್ದು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಂಡು ಇರುವುದು. ದೂರದ ಕೆರಿಬಿಯನ್ ದ್ವೀಪಗಳಲ್ಲಿ, ಕಡಲತಡಿಯ ದೊಡ್ಡ ಹೋಟೆಲುಗಳ ಸಂಭ್ರಮವನ್ನು ಒಲ್ಲದ ಪ್ರವಾಸಿಗಳಿಗಾಗಿ, ಅಡಿಗೆಮನೆ ಸಹಿತವಾದ ಪುಟ್ಟ ಕುಟೀರಗಳನ್ನು ಗುಡ್ಡದ ಇಳಿಜಾರಿನಲ್ಲಿ ಕಟ್ಟಿ ಬಾಡಿಗೆಗೆ ಕೊಡುವ ರೂಢಿಯಿದೆ. ಕನ್ನಡಿಗರಿಗೆ ಇದೇನೂ ಹೊಸದಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗಿ, ಮೂರು ಕಲ್ಲಿಟ್ಟು ಒಲೆ ಮಾಡಿ, ಮರದ ನೆರಳಿನಲ್ಲಿ ದಿನಗಟ್ಟಲೆ ಇದ್ದು ಬರುತ್ತಿದ್ದ ಹಿರಿಯರು ಇದನ್ನು ‘ಬಿಡಾರ’ವೆಂದು ಕರೆದರು. ಅಂಥ ಬಿಡಾರಕ್ಕೆ ಬೆಳಗಾವಿಯವರು ಸಮುದ್ರ ದಾಟಬೇಕಾಗಿಲ್ಲ. ಖಾನಾಪುರ ತಾಲ್ಲೂಕು ಅವರ ಹಿತ್ತಿಲಿನಲ್ಲಿಯೇ ಇದೆ.

ಎರಡು ಕಡಲುಗಳ ನಡುವೆ

ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ತೆಂಕಣಕ್ಕೆ ಸುಮಾರು ೨೬ ಕಿಲೋಮೀಟರ್ ಸಾಗಿದರೆ ಖಾನಾಪುರ. ರೈಲಿನಲ್ಲಿ ಹೋಗುವವರಿಗೆ ದೇಸೂರು, ಇದಲಹೊಂಡಗಳನ್ನು ದಾಟುತ್ತಿದ್ದಂತೆಯೇ ಗಾಳಿಯ ಗುಣ ಬದಲಾದುದು ತಿಳಿಯುತ್ತದೆ. ಮುಂದೆ ಗುಂಜಿ, ಲೋಂಡಾಗಳ ಹೊತ್ತಿಗೆ ಬಯಲು ಮರೆಯಾಗಿ ಕಾಡು ಹಳಿಯ ಅಂಚಿಗೇ ಬಂದು ನಿಲ್ಲುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಗೋವೆಯ ಕಡೆಗೆ ಇಳಿಯುವ ಚೋರ್ಲಾ ಘಟ್ಟದ ಮಾರ್ಗವುಂಟು. ಜಾಂಬೋಟಿ, ಕಣಕುಂಬಿ ಎಂಬ ಊರುಗಳು ಆ ಮಾರ್ಗದಲ್ಲಿವೆ.

ಈ ಕಣಕುಂಬಿಯ ಸೀಮೆಗೆ ಒಂದು ವೈಶಿಷ್ಟ್ಯವಿದೆ. ಮಲಪ್ರಭೆಯು ಇಲ್ಲಿಯೇ, ಸುಮಾರು ೭೯೨ ಮೀಟರ್ ಎತ್ತರದಲ್ಲಿ ಹುಟ್ಟಿ, ಮೂಡಣಕ್ಕೆ ಮುಖ ಮಾಡಿ ೩೦೪ ಕಿಲೋಮೀಟರ್ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯು ಪಡುವಣಕ್ಕೆ ತಿರುಗಿ, ಗೋವೆಯಲ್ಲಿ ಮಾಂಡವಿಯೆಂದು ಕರೆಸಿಕೊಂಡು ಅರಬ್ಬೀ ಸಮುದ್ರಕ್ಕೆ ಬೀಳುತ್ತಾಳೆ. ಒಂದೇ ಮಳೆ, ಒಂದೇ ಕಾಡು; ಮಕ್ಕಳು ಮಾತ್ರ ಎರಡು ಕಡಲುಗಳ ಪಾಲು. ಹುಬ್ಬಳ್ಳಿ ಧಾರವಾಡಗಳ ಮನೆಗಳಲ್ಲಿ ನಲ್ಲಿ ತಿರುಗಿಸಿದಾಗ ಬರುವುದು ಸವದತ್ತಿಯ ಬಳಿಯ ರೇಣುಕಾಸಾಗರದಲ್ಲಿ ನಿಂತ ಮಲಪ್ರಭೆಯ ನೀರು. ಆ ನೀರಿನ ತವರುಮನೆಯನ್ನು ಮಕ್ಕಳಿಗೆ ತೋರಿಸಿ ಬರುವುದು ಯಾವ ಪಾಠಕ್ಕೂ ಕಡಿಮೆಯಾದುದಲ್ಲ.

ಡಾಕ್ ಬಂಗಲೆಯಿಂದ ಬಾಡಿಗೆಮನೆಗೆ

ಕಾಡಿನ ಅಂಚಿನಲ್ಲಿ ತಂಗುವ ಪದ್ಧತಿಯನ್ನು ವ್ಯವಸ್ಥಿತವಾಗಿ ಬೆಳೆಸಿದವರು ಬ್ರಿಟಿಷರು. ಸವಾರಿ ಹೋಗುವ ಅಧಿಕಾರಿಗಳಿಗಾಗಿ ಅವರು ದೇಶದ ಉದ್ದಗಲಕ್ಕೂ ಡಾಕ್ ಬಂಗಲೆಗಳನ್ನು, ತನಿಖಾ ಬಂಗಲೆಗಳನ್ನು ಕಟ್ಟಿಸಿದರು. ದಪ್ಪ ಗೋಡೆ, ಮಂಗಳೂರು ಹೆಂಚು, ಮುಂದೆ ಅಗಲವಾದ ಜಗಲಿ, ಹಿಂದೆ ಬೇರೆಯಾಗಿಯೇ ನಿಂತ ಅಡಿಗೆಮನೆ: ಇಷ್ಟೇ ಅದರ ವೈಭವ. ಸಾಹೇಬನ ಕುದುರೆಯ ಸದ್ದು ಕೇಳಿಸಿದೊಡನೆ ಅಂಗಳದ ಕೋಳಿಯ ಆಯುಷ್ಯ ಮುಗಿಯಿತೆಂದೇ ಅರ್ಥ! ಅಧಿಕಾರಿಗಳಿಲ್ಲದ ದಿನಗಳಲ್ಲಿ ಅಪ್ಪಣೆಚೀಟಿ ತಂದ ಸಾಮಾನ್ಯ ಪ್ರವಾಸಿಗೂ ಅಲ್ಲಿ ಎಡೆ ದೊರೆಯುತ್ತಿತ್ತು. ಆದರೆ ಅಕ್ಕಿ, ಬೇಳೆ, ಎಣ್ಣೆಗಳನ್ನು ಅವನೇ ತರಬೇಕಾಗಿತ್ತು.

ಆ ಬಂಗಲೆಗಳ ಕಾಲ ಹಿಂದೆ ಸರಿದಿದೆ. ಈಚಿನ ವರ್ಷಗಳಲ್ಲಿ ಜಾಂಬೋಟಿ, ಕಣಕುಂಬಿಗಳ ಸುತ್ತಿನಲ್ಲಿ ತೋಟದ ಮನೆಗಳೂ ಹೋಮ್‌ಸ್ಟೇಗಳೂ ರೆಸಾರ್ಟುಗಳೂ ತಲೆಯೆತ್ತಿವೆ. ಖಾನಾಪುರದಿಂದ ಅನಮೋಡಕ್ಕೆ ಹೋಗುವ ದಾರಿಯಲ್ಲಿರುವ ಹೆಮ್ಮಡಗಾದಲ್ಲಿ ಪ್ರಕೃತಿ ಶಿಬಿರವೊಂದಿದೆ. ಹೀಗೆ ಬಗೆಬಗೆಯ ವಸತಿಗಳಿದ್ದರೂ, ಊಟವನ್ನು ತಟ್ಟೆಯಲ್ಲಿ ತಂದಿಡುವ ಸ್ಥಳಕ್ಕೂ ಕುಟುಂಬವು ತಾನೇ ಬೇಯಿಸಿ ಉಣ್ಣುವ ಮನೆಗೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಮನುಷ್ಯನು ಅತಿಥಿ. ಎರಡನೆಯದರಲ್ಲಿ ಆ ಗುಡ್ಡದ ತಾತ್ಕಾಲಿಕ ಒಕ್ಕಲು.

ಒಲೆಯ ಮುಂದೆ ಯಾರು?

ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಟಿಳಕವಾಡಿಯ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಯಜಮಾನರು ಕಚೇರಿಯಲ್ಲಿ ನಾಲ್ಕು ದಿನದ ರಜೆ ಪಡೆದಿದ್ದಾರೆ. ಗುಡ್ಡದ ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ‘ಆಹಾ, ಎಂಥ ಶಾಂತಿ!’ ಎಂದು ಉದ್ಗಾರ ತೆಗೆದು, ಒಳಗಿನವರಿಗೆ ಕೇಳಿಸುವಂತೆ ಎರಡನೆಯ ಸಲದ ಚಹಕ್ಕೆ ಅಪ್ಪಣೆ ಕೊಡಿಸುತ್ತಾರೆ. ಮಕ್ಕಳಿಗೆ ಹಸಿವೆ, ಆಯಿಗೆ ಮೆತ್ತಗಿನ ಅನ್ನವೇ ಬೇಕು. ಪರಿಚಯವಿಲ್ಲದ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಹುಡುಕುತ್ತ ನಿಂತ ಗೃಹಿಣಿಯು ಕೊನೆಗೆ ಬಾಗಿಲಿಗೆ ಬಂದು ಕೇಳುತ್ತಾಳೆ: “ಏನ್ರೀ, ಇಲ್ಲೂ ಒಲಿ ಮುಂದನ ಕೂಡೋದಾದ್ರ ನಾ ಊರಾಗ ಇರಬಹುದಿತ್ತಲ್ಲ?”

ಈ ಮಾತಿಗೆ ಉತ್ತರವಿಲ್ಲದಿದ್ದರೆ ಆ ವಿಶ್ರಾಂತಿಗೆ ಅರ್ಥವಿಲ್ಲ. ನಾಲ್ವರ ಶಾಂತಿಗಾಗಿ ಒಬ್ಬಳು ಬೆವರಿಳಿಸುವುದಾದರೆ ಅದು ಬಿಡಾರವಲ್ಲ, ಅಡಿಗೆಮನೆಯ ವರ್ಗಾವಣೆ. ಆದುದರಿಂದ ಹೊರಡುವ ಮೊದಲೇ ಕೆಲಸದ ಹಂಚಿಕೆಯಾಗಬೇಕು. ಬೆಳಗಿನ ಚಹ ಮತ್ತು ಅವಲಕ್ಕಿ ಯಜಮಾನರ ಪಾಲಿಗೆ. ಕಾಯಿಪಲ್ಲೆ ಹೆಚ್ಚುವುದು, ನೀರು ತುಂಬುವುದು, ಪಾತ್ರೆ ತಿಕ್ಕುವುದು ದೊಡ್ಡ ಮಕ್ಕಳ ಪಾಲಿಗೆ, ಅದರಲ್ಲಿ ಗಂಡು ಹೆಣ್ಣೆಂಬ ಭೇದ ಸಲ್ಲದು. ದಿನಕ್ಕೆ ಒಂದೇ ಹೊತ್ತು ಒಲೆ ಹೊತ್ತಿಸಿದರೆ ಸಾಕು ಎಂಬ ನಿಯಮವನ್ನು ಮಾಡಿಕೊಳ್ಳಬೇಕು. ಉತ್ತರ ಕರ್ನಾಟಕದ ಅಡಿಗೆಯು ಇಂಥ ಬಿಡಾರಕ್ಕೆಂದೇ ಹುಟ್ಟಿದಂತಿದೆ: ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ, ಗಟ್ಟಿ ಮೊಸರು, ಕೈಗೆ ಸಿಕ್ಕಷ್ಟು ಉಳ್ಳಾಗಡ್ಡಿ. ಇವುಗಳ ಜೊತೆಗೆ ಬೆಳಗಾವಿಯ ಕುಂದಾದ ಡಬ್ಬಿಯೊಂದಿದ್ದರೆ ಮಕ್ಕಳ ಗೋಳು ಮುಗಿಯಿತು. ರಾತ್ರಿಗೆ ಬಿಸಿಯಾದ ಅನ್ನ, ಬೇಳೆಯ ಸಾರು. ಇಷ್ಟು ಸರಳವಾದರೆ ಗೃಹಿಣಿಗೂ ಜಗಲಿಯ ಕುರ್ಚಿಯಲ್ಲಿ ಕೂಡ್ರುವ ಯೋಗ ಬರುತ್ತದೆ.

ಸಿದ್ಧತೆಯಲ್ಲಿಯೂ ವಿವೇಕ ಬೇಕು. ಕಾಡಿನ ಹಳ್ಳಿಗಳಲ್ಲಿ ಅಂಗಡಿಗಳು ವಿರಳ. ಔಷಧಿ, ಕಂದೀಲು ಅಥವಾ ಬ್ಯಾಟರಿ, ಬೆಂಕಿಪೆಟ್ಟಿಗೆ, ಕುಡಿಯುವ ನೀರು, ಬೆಚ್ಚನೆಯ ಬಟ್ಟೆಗಳನ್ನು ನಗರದಿಂದಲೇ ಒಯ್ಯಬೇಕು. ಮೊಬೈಲಿನ ಸಂಪರ್ಕ ಎಲ್ಲೆಡೆಯೂ ಸಿಗುವುದಿಲ್ಲವಾದ್ದರಿಂದ ತಂಗುವ ಸ್ಥಳವನ್ನು ಊರಿನವರಿಗೆ ತಿಳಿಸಿಯೇ ಹೊರಡುವುದು ಒಳ್ಳೆಯದು. ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಹಿತಕರ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯ ಚೆಲುವು ದೊಡ್ಡದಾದರೂ ಜಿಗಣೆಗಳ ಕಾಟವೂ ಹಳ್ಳಗಳ ಅಪಾಯವೂ ಅಷ್ಟೇ ದೊಡ್ಡವು. ಆಗ ಜಲಪಾತಗಳ ಬಳಿಗೆ ಹೋಗುವುದನ್ನು ಅರಣ್ಯ ಇಲಾಖೆ ನಿರ್ಬಂಧಿಸುವುದುಂಟು. ಆ ನಿರ್ಬಂಧವನ್ನು ಮೀರುವುದು ಸಾಹಸವಲ್ಲ, ಅವಿವೇಕ.

ಹಗಲು ಕಳೆಯುವ ಬಗೆ

ಮನೆಯಲ್ಲಿ ಕುಳಿತು ಸಾಕೆನಿಸಿದವರಿಗೆ ಸಮೀಪದಲ್ಲಿಯೇ ಇತಿಹಾಸ ಕಾದಿದೆ. ಖಾನಾಪುರದಿಂದ ಸುಮಾರು ೧೪ ಕಿಲೋಮೀಟರ್ ದೂರದ ಹಲಸಿಯು ಶಾಸನಗಳ ‘ಪಲಾಶಿಕಾ’. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿದ್ದಿತು. ಗೋವೆಯ ಕದಂಬರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಇಲ್ಲಿಯ ಭೂವರಾಹ ನರಸಿಂಹ ದೇವಾಲಯವು ಮೆರೆಯಿತು. ಇದೇ ತಾಲ್ಲೂಕಿನ ನಂದಗಡದಲ್ಲಿ ೧೮೩೧ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಖಾನಾಪುರ ಪಟ್ಟಣವು ತನ್ನ ಮಣ್ಣಿನ ಗುಣದಿಂದ ಹೆಂಚು, ಮಡಿಕೆಗಳಿಗೆ ಹೆಸರಾದುದು. ಬಿಡಾರ ಮುಗಿಸಿ ಮರಳುವಾಗ ಒಂದು ಮಣ್ಣಿನ ಹೂಜಿಯನ್ನು ಕೊಂಡು ತಂದರೆ ಬೇಸಗೆಯುದ್ದಕ್ಕೂ ಅದು ಆ ಗುಡ್ಡದ ತಂಪನ್ನು ನೆನಪಿಸುತ್ತದೆ.

ಮೌನದ ಬೆಲೆ

ಆದರೆ ಇಲ್ಲಿ ಮುಖ್ಯವಾದುದು ನೋಡುವುದಕ್ಕಿಂತ ಕೇಳುವುದು. ಸಂಜೆ ದೀಪ ಹೊತ್ತಿಸುವ ಹೊತ್ತಿಗೆ ಜೀರುಂಡೆಗಳ ಶ್ರುತಿ ಹಿಡಿದು ಕಾಡು ಮಾತನಾಡತೊಡಗುತ್ತದೆ. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು, ದೂರದ ಹಳ್ಳದ ಮೊರೆತ, ಬಿದಿರ ಮೆಳೆಯ ಕಿರುಗುಟ್ಟುವಿಕೆ. ಇದೇ ಭೀಮಗಡದ ಅರಣ್ಯದಲ್ಲಿ, ತಳೇವಾಡಿಯ ಬಳಿಯ ಬಾರಾಪೇಡೆ ಗುಹೆಗಳಲ್ಲಿ, ರೌಟನ್ ಎಂಬಾತನ ಹೆಸರು ಹೊತ್ತ ಬಾವಲಿಯೊಂದು ವಾಸವಾಗಿದೆ. ೧೯೧೩ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಮುಂದೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಅದು ಕಾಣಿಸಿಕೊಂಡಿತಾದರೂ, ಹಲವು ದಶಕಗಳ ಕಾಲ ಜಗತ್ತಿಗೆ ತಿಳಿದಿದ್ದ ಅದರ ಮನೆ ಇದೊಂದೇ ಆಗಿತ್ತು. ೨೦೧೧ರ ಡಿಸೆಂಬರಿನಲ್ಲಿ ಸುಮಾರು ೧೯೦ ಚದರ ಕಿಲೋಮೀಟರ್ ಅರಣ್ಯವು ಭೀಮಗಡ ವನ್ಯಜೀವಿಧಾಮವೆನಿಸಿತು. ಕಾಡುಕೋಣ, ಕಡವೆ, ಕರಡಿಗಳಿಗೂ, ಗೋವೆಯ ಮಹದಾಯಿ ಅರಣ್ಯಕ್ಕೂ ಕಾಳಿ ಹುಲಿಧಾಮಕ್ಕೂ ನಡುವೆ ಓಡಾಡುವ ಹುಲಿಗೂ ಇದು ಆಸರೆ. ಧ್ವನಿವರ್ಧಕ ಹಚ್ಚಿ ರಾತ್ರಿಯೆಲ್ಲ ಕುಣಿಯುವವರು ಬಯಲಿನಲ್ಲಿಯೇ ಇರುವುದು ಲೇಸು. ಇಲ್ಲಿಯ ಮೌನವು ಬಾಡಿಗೆಯ ಜೊತೆಗೆ ಕೊಂಡ ಸರಕಲ್ಲ, ನೋಡಿಕೊಳ್ಳಲು ಕೊಟ್ಟ ಅಡವು.

ಆ ಮೌನಕ್ಕೆ ಬೆಲೆ ತೆರುತ್ತಿರುವ ಮನುಷ್ಯರೂ ಇದ್ದಾರೆ. ಪಟ್ಟಣದವರು ನಾಲ್ಕು ದಿನ ಹಂಬಲಿಸಿ ಬರುವ ಏಕಾಂತದಲ್ಲಿ ಕಾಡಿನೊಳಗಿನ ಹಳ್ಳಿಗಳು ವರ್ಷಪೂರ್ತಿ ಬದುಕುತ್ತಿವೆ. ರಸ್ತೆಯಿಲ್ಲ, ಸೇತುವೆಯಿಲ್ಲ, ಹತ್ತಿರದಲ್ಲಿ ವೈದ್ಯರಿಲ್ಲ. ೨೦೨೪ರ ಮಳೆಗಾಲದಲ್ಲಿ ಆಮಗಾಂವದಿಂದ ಅಸ್ವಸ್ಥ ಮಹಿಳೆಯೊಬ್ಬಳನ್ನು ಗ್ರಾಮಸ್ಥರು ಹೆಗಲ ಮೇಲೆ ಹೊತ್ತು ಕೆಸರಿನ ದಾರಿಯಲ್ಲಿ ಆಸ್ಪತ್ರೆಯ ಕಡೆಗೆ ಸಾಗಿಸಿದ ಸುದ್ದಿಯನ್ನು ನಾಡೆಲ್ಲ ಓದಿತು. ೨೦೨೫ರಲ್ಲಿ ತಳೇವಾಡಿಯ ಕುಟುಂಬಗಳು ಸರಕಾರದ ಪರಿಹಾರ ಪಡೆದು ಹೊರಗೆ ನೆಲಸಲು ಒಪ್ಪಿದವು. ಒಬ್ಬರಿಗೆ ರಜೆಯ ಸುಖವಾದುದು ಇನ್ನೊಬ್ಬರಿಗೆ ಬಿಟ್ಟು ಹೊರಡಬೇಕಾದ ಬಾಳು.

ಹಾಗೆಂದು ಹೋಗಲೇಬಾರದೆ? ಹೋಗಬೇಕು, ಆದರೆ ಋಣವನ್ನರಿತು ಹೋಗಬೇಕು. ಹಾಲು, ಮೊಟ್ಟೆ, ಕಾಯಿಪಲ್ಲೆಗಳನ್ನು ಸಿಕ್ಕಷ್ಟು ಅಲ್ಲಿಯ ಹಳ್ಳಿಯಲ್ಲಿಯೇ ಚೌಕಾಸಿಯಿಲ್ಲದೆ ಕೊಳ್ಳುವುದು. ಮನೆ ಕಾಯುವವನ ಹೆಂಡತಿ ರೊಟ್ಟಿ ಬಡಿದುಕೊಟ್ಟರೆ ಅದನ್ನು ಉಪಕಾರವೆಂದು ನುಂಗಿಹಾಕದೆ ಕೂಲಿಯೆಂದು ಕೈತುಂಬ ಸಲ್ಲಿಸುವುದು. ಮರಾಠಿಯೋ ಕೊಂಕಣಿಯೋ ಕನ್ನಡವೋ, ಆಕೆ ಆಡುವ ಮಾತಿನಲ್ಲಿ ‘ಮಾವಶಿ’ ಎಂದು ಕರೆದು ನಾಲ್ಕು ಮಾತನಾಡುವುದು. ತಂದ ಪ್ಲಾಸ್ಟಿಕ್ ಚೀಲವೊಂದನ್ನೂ ಬಿಡದೆ ಮರಳಿ ನಗರಕ್ಕೇ ಒಯ್ಯುವುದು. ಇವು ದೊಡ್ಡ ತ್ಯಾಗಗಳಲ್ಲ, ಒಕ್ಕಲುತನದ ಸಾಮಾನ್ಯ ನಡವಳಿಕೆಗಳು.

ಮೌನ ಎಲ್ಲಿಯೂ ಪುಕ್ಕಟೆಯಾಗಿ ದೊರೆಯುವುದಿಲ್ಲ. ಮನೆಯೊಳಗೆ ಅದರ ಬೆಲೆಯನ್ನು ಗೃಹಿಣಿಯೊಬ್ಬಳೇ ತೆರಬಾರದು. ಮನೆಯ ಹೊರಗೆ ಕಾಡಿನ ಪ್ರಾಣಿಯೂ ಹಳ್ಳಿಯ ಬಡವನೂ ಮಾತ್ರವೇ ತೆರಬಾರದು. ಬಂದ ಕುಟುಂಬದ ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲನ್ನು ಕೊಟ್ಟರೆ, ನಾಲ್ಕು ದಿನದ ಬಿಡಾರವು ನಿಜವಾದ ವಿಶ್ರಾಂತಿಯಾದೀತು. ಹಾಗೆ ಕಲಿತ ಪಾಠವು ಊರಿಗೆ ಮರಳಿದ ಮೇಲೂ ಉಳಿದು, ಟಿಳಕವಾಡಿಯ ಅಡಿಗೆಮನೆಯಲ್ಲಿ ಬೆಳಗಿನ ಚಹವನ್ನು ಒಮ್ಮೊಮ್ಮೆಯಾದರೂ ಯಜಮಾನರೇ ಕಾಯಿಸುವಂತಾದರೆ, ಖಾನಾಪುರದ ಗುಡ್ಡವು ಕೊಟ್ಟ ಲಾಭ ಬಾಡಿಗೆಗಿಂತ ಬಹಳ ಹೆಚ್ಚಿನದೆಂದೇ ಹೇಳಬೇಕು.