ಮುದ್ರಿತ ಬೆಲೆಯ ಮೇಲೊಂದು ಚೀಟಿ

ಕಳೆದ ಮಳೆಗಾಲದ ಕೊನೆಯಲ್ಲಿ ಸೋಮವಾರಪೇಟೆಯ ಕಡೆ ಒಂದು ಶರಣ ಕುಟುಂಬದ ಮನೆಗೆ ಹೋಗಿದ್ದೆ. ಪೂಜೆ, ಪ್ರಸಾದಗಳನ್ನು ಮುಗಿಸಿ ಜಗಲಿಯ ಮೇಲೆ ಕುಳಿತಿದ್ದೆ. ಆ ಮನೆಯ ಮಗಳು ಪದವಿ ತರಗತಿಯಲ್ಲಿ ಓದುವವಳು. ತಂದೆ ಕಾಫಿ ತೋಟದ ಕಡೆಗೆ ನಡೆದದ್ದನ್ನು ಖಚಿತಪಡಿಸಿಕೊಂಡು, ಒಳಗಿನಿಂದ ಒಂದು ಸಣ್ಣ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟಳು.

“ತಾತ, ಅಪ್ಪನಿಗೆ ಹೇಳಬೇಡಿ. ನನಗೆ ಮೋಸವಾಗಿದೆ” ಎಂದಳು.

ಪೆಟ್ಟಿಗೆಯಲ್ಲಿದ್ದದ್ದು ಭವಿಷ್ಯ ನೋಡಲು ಬಳಸುವ ಟ್ಯಾರೋ ಎಲೆಗಳು. ಗೆಳತಿಯರೊಡನೆ ನಮ್ಮ ಜಿಲ್ಲೆಯ ಪ್ರವಾಸಿ ತಾಣವೊಂದಕ್ಕೆ ಹೋಗಿದ್ದಾಗ, ಹರಳು, ಧೂಪ, ಮಾಲೆಗಳನ್ನು ಮಾರುವ ಅಂಗಡಿಯೊಂದರಲ್ಲಿ ಕೊಂಡಿದ್ದಳು. ಕೊಟ್ಟ ಹಣ 1,800 ರೂಪಾಯಿ. ಬೆಲೆ ಹೆಚ್ಚಾಯಿತಲ್ಲವೇ ಎಂದು ಕೇಳಿದ್ದಕ್ಕೆ ಅಂಗಡಿಯಾತ, “ಇಂಥ ವಸ್ತುವಿಗೆ ಚೌಕಾಸಿ ಮಾಡಬಾರದಮ್ಮ, ಮಾಡಿದರೆ ಫಲಿಸುವುದಿಲ್ಲ” ಎಂದನಂತೆ. ರಸೀದಿಯನ್ನೂ ಕೊಡಲಿಲ್ಲ. ಮನೆಗೆ ಬಂದು ಪೆಟ್ಟಿಗೆಯ ಹಿಂಬದಿಗೆ ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ಎಬ್ಬಿಸಿದಾಗ ಕೆಳಗೆ ಅಚ್ಚಾಗಿದ್ದ ಬೆಲೆ ಕಾಣಿಸಿತು: 450 ರೂಪಾಯಿ.

ನನ್ನ ಬಾಯಿಂದ ಹೊರಟ ಮೊದಲ ಮಾತು, “ಇದನ್ನೇಕೆ ಕೊಂಡೆ ಮಗು?” ಎಂಬುದು. ಹುಡುಗಿ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ನೋಡಿದಾಗ, ನಾನು ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲವೆಂದು ನನಗೆ ಹೊಳೆಯಿತು.

ನನ್ನದೇ ಒಂದು ಹಳೆಯ ಕಥೆ

ನಾನು ಮಠದಲ್ಲಿ ವಿದ್ಯಾರ್ಥಿಯಾಗಿದ್ದ ದಿನಗಳ ಮಾತು. ಜಾತ್ರೆಯೊಂದರಲ್ಲಿ ಏಕಮುಖಿ ರುದ್ರಾಕ್ಷಿಯೆಂದು ಹೇಳಿ ಒಬ್ಬಾತ ನನಗೊಂದು ಮಣಿಯನ್ನು ಮಾರಿದ. ತಿಂಗಳುಗಟ್ಟಲೆ ಕೂಡಿಟ್ಟಿದ್ದ ದಕ್ಷಿಣೆಯ ಹಣವೆಲ್ಲ ಅದಕ್ಕೆ ಹೋಯಿತು. ನಾಲ್ಕು ದಿನ ನೀರಿನಲ್ಲಿಟ್ಟು ನೋಡಿದಾಗ ಅದು ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಮಣಿಯೆಂದು ತಿಳಿಯಿತು. ಗುರುಗಳಿಗೆ ಹೇಳಿದರೆ, “ಶಾಸ್ತ್ರ ಓದುವವನಿಗೆ ಇಷ್ಟೂ ವಿವೇಕವಿಲ್ಲವೇ?” ಎಂದಾರು ಎಂಬ ಅಂಜಿಕೆ. ಕತ್ತಲಾದ ಮೇಲೆ ಹೋಗಿ ಅದನ್ನು ಕೆರೆಗೆ ಎಸೆದು ಬಂದೆ. ಮರುವರ್ಷದ ಜಾತ್ರೆಯಲ್ಲಿ ಆ ವ್ಯಾಪಾರಿ ಅದೇ ಜಾಗದಲ್ಲಿ, ಅದೇ ಬುಟ್ಟಿಯನ್ನಿಟ್ಟುಕೊಂಡು ಕುಳಿತಿದ್ದ. ಅವನನ್ನು ಅಲ್ಲಿ ಕುಳ್ಳಿರಿಸಿದ್ದು ಅವನ ಜಾಣತನವಷ್ಟೇ ಅಲ್ಲ, ನನ್ನ ನಾಚಿಕೆಯೂ ಹೌದು.

ನಂಬಿಕೆಯ ವಸ್ತುಗಳನ್ನು ಮಾರುವಲ್ಲಿ ನಡೆಯುವ ಮೋಸಕ್ಕೆ ಇದೇ ಬೇರು. ಅಕ್ಕಿಯಲ್ಲಿ ಕಲ್ಲು ಬಂದರೆ ಗೃಹಿಣಿ ಅಂಗಡಿಗೆ ಹೋಗಿ ಜಗಳವಾಡುತ್ತಾಳೆ. ಯಂತ್ರ, ತಾಯಿತ, ಹರಳುಗಳಲ್ಲಿ ಮೋಸಹೋದವರು ಮಾತ್ರ ಮನೆಯವರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು.

ಎಲೆಗಳ ಪೂರ್ವೋತ್ತರ

ಟ್ಯಾರೋ ಎಂಬುದು ಹುಟ್ಟಿನಲ್ಲಿ ಯಾವ ದೈವಿಕ ವಸ್ತುವೂ ಅಲ್ಲ. ಹದಿನೈದನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಅದು ಇಸ್ಪೀಟಿನಂಥ ಆಟವಾಗಿತ್ತು. 78 ಎಲೆಗಳ ಆ ಕಟ್ಟಿಗೆ ಭವಿಷ್ಯವಾಣಿಯ ಗೌರವ ಬಂದದ್ದು ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ. ಕೂರ್ ದ ಜೆಬ್ಲ್ಯಾಂ ಎಂಬ ವಿದ್ವಾಂಸನು 1781ರಲ್ಲಿ, ಇದು ಪ್ರಾಚೀನ ಈಜಿಪ್ತಿನ ಗೂಢಜ್ಞಾನವೆಂದು ಬರೆದನು. ಅದಕ್ಕೆ ಆಧಾರವಿರಲಿಲ್ಲ, ಆದರೂ ಮಾತು ನಿಂತಿತು. ಇಂದು ಹೆಚ್ಚು ಪ್ರಚಲಿತವಾಗಿರುವ ಚಿತ್ರಗಳನ್ನು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ರಚಿಸಿದರು; ಅವು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ನಮ್ಮ ಸಂತೆಗಳಲ್ಲಿ ಗಿಣಿಶಾಸ್ತ್ರದವನ ಗಿಣಿ ಪಂಜರದಿಂದ ಹೊರಬಂದು ಎಲೆಯನ್ನು ಎಳೆಯುತ್ತಿದ್ದುದನ್ನು ಕಂಡವರಿಗೆ ಇದು ತೀರ ಹೊಸದೆನಿಸಲಾರದು.

ಶಕುನ, ಮುಹೂರ್ತ, ಭವಿಷ್ಯಗಳ ಮೊರೆ ಹೋಗುವುದನ್ನು ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದರು. ನನ್ನ ನಿಲುವೂ ಅದೇ. ಆದರೆ ಕೊಳ್ಳುವವಳ ನಂಬಿಕೆ ತಪ್ಪೆಂಬ ಕಾರಣಕ್ಕೆ ಮಾರುವವನ ಮೋಸ ಸರಿಯಾಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು.

ಕಾನೂನಿನ ತಕ್ಕಡಿ

ಪೊಟ್ಟಣದಲ್ಲಿಟ್ಟು ಮಾರುವ ಸರಕುಗಳ ವಿಷಯದಲ್ಲಿ ನಮ್ಮ ದೇಶದ ಕಾನೂನು ಸ್ಪಷ್ಟವಾಗಿದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಅಡಿಯಲ್ಲಿ 2011ರಲ್ಲಿ ಬಂದ ನಿಯಮಗಳ ಪ್ರಕಾರ, ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆ ಇರಬೇಕು. ತಯಾರಕರ ಹೆಸರು, ವಿಳಾಸಗಳಿರಬೇಕು. ವಿದೇಶದ ಸರಕಾದರೆ ಆಮದುದಾರರದು ಇರಬೇಕು. ಅಂಗಡಿಯವನು ಆ ಬೆಲೆಯನ್ನು ಮೀರಿ ಮಾರುವಂತಿಲ್ಲ. ಅಚ್ಚಾದ ಬೆಲೆಯನ್ನು ಅಳಿಸುವಂತಿಲ್ಲ, ಮರೆಮಾಡುವಂತಿಲ್ಲ. “ನೀವೇ ಒಪ್ಪಿ ಕೊಂಡಿರಿ” ಎಂಬ ಮಾತು ಇದಕ್ಕೆ ಉತ್ತರವಾಗದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಬಿಡಿಯಾಗಿ ಮಾರುವ ಮಣಿ, ಹರಳುಗಳ ಮೇಲೆ ಮುದ್ರಿತ ಬೆಲೆ ಇರುವುದಿಲ್ಲ. ಅಲ್ಲಿ ನಾಲ್ಕು ಕಡೆ ವಿಚಾರಿಸುವುದೇ ಕೊಳ್ಳುವವರಿಗೆ ರಕ್ಷೆ. ಮುದ್ರಿತ ಬೆಲೆಯಾದರೂ ನ್ಯಾಯವಾದ ಬೆಲೆಯೆಂದು ಅರ್ಥವಲ್ಲ. ಅದು ಮೀರಬಾರದ ಗಡಿ ಮಾತ್ರ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ರಸೀದಿ ಕೊಡದಿರುವುದೂ ಅನುಚಿತ ವ್ಯಾಪಾರವೇ. ಆದುದರಿಂದ ರಸೀದಿ ಇಲ್ಲವೆಂದು ಎದೆಗುಂದಬೇಕಾಗಿಲ್ಲ. ಮೊಬೈಲಿನಿಂದ ಹಣ ಸಂದಾಯವಾದ ದಾಖಲೆ, ಚೀಟಿ ಸಹಿತವಾದ ಪೆಟ್ಟಿಗೆ, ಅದರ ಛಾಯಾಚಿತ್ರ, ಇವೆಲ್ಲ ಸಾಕ್ಷ್ಯಗಳೇ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆಯಬಹುದು. ಅದರಿಂದಲೂ ಆಗದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡು ವರ್ಷಗಳೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ನಿರ್ಬಂಧವೂ ಇಲ್ಲ. ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರನ್ನು ಸಲ್ಲಿಸಬಹುದು.

ಶರಣರ ತಕ್ಕಡಿ

ಕಾನೂನಿಗಿಂತ ಹಿಂದಿನ ಅಳತೆಯೊಂದು ನಮ್ಮಲ್ಲಿದೆ. ಆಯ್ದಕ್ಕಿ ಮಾರಯ್ಯನು ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಗತ್ಯಕ್ಕೆ ಮೀರಿದ್ದು ನಮಗೆ ಸಲ್ಲದೆಂದು ಮಡದಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳೆಂಬುದು ಪರಂಪರೆಯ ಕಥೆ. ಆ ಅಕ್ಕಿಯನ್ನು ಯಾರೂ ಕದ್ದಿರಲಿಲ್ಲ. ಆದರೂ ಸಲ್ಲಬೇಕಾದುದಕ್ಕಿಂತ ಹೆಚ್ಚು ಬಂದದ್ದನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಆಕೆ ಒಪ್ಪಲಿಲ್ಲ. ವ್ಯಾಪಾರವೂ ಒಂದು ಕಾಯಕವೆನ್ನುವ ನಮ್ಮ ಅಂಗಡಿಕಾರ ಬಂಧುಗಳು ದಿನದ ಗಲ್ಲಾಪೆಟ್ಟಿಗೆಯನ್ನು ಎಣಿಸುವಾಗ ಲಕ್ಕಮ್ಮನನ್ನು ನೆನೆಯಬೇಕು.

ಸೋಮವಾರಪೇಟೆ, ಶನಿವಾರಸಂತೆ ಎಂದು ವಾರದ ಹೆಸರನ್ನೇ ಹೊತ್ತ ಪೇಟೆ, ಸಂತೆಗಳ ನಾಡು ಇದು. ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಮುಂದಿನ ವಾರ ಮತ್ತೆ ಮುಖ ನೋಡಬೇಕು. ಆ ಹಂಗೇ ತಕ್ಕಡಿಯನ್ನು ನೇರವಾಗಿಡುತ್ತಿತ್ತು. ಪ್ರವಾಸಿಯಾದರೋ ಮತ್ತೆ ಬರುವವನಲ್ಲವೆಂಬ ಎಣಿಕೆ ಕೆಲವರದು. 2018ರ ಆಗಸ್ಟ್ ತಿಂಗಳ ಭೂಕುಸಿತದ ಬಳಿಕ ಪ್ರವಾಸಿಗಳು ಬಾರದೆ ಎಷ್ಟು ಮನೆಗಳ ಒಲೆ ತಣ್ಣಗಾಯಿತೆಂಬುದನ್ನು ಈ ನಾಡು ಕಂಡಿದೆ. ಒಂದು ಚೀಟಿಯ ಮೋಸ ನೂರು ಪ್ರಾಮಾಣಿಕ ಅಂಗಡಿಗಳ ಹೆಸರನ್ನು ಕೆಡಿಸಬಲ್ಲದು.

ಕೊನೆಗೆ ಏನಾಯಿತು

ಆ ಸಂಜೆ ನಾನು ಹುಡುಗಿಗೆ, “ಹೇಳುವುದನ್ನು ನೀನೇ ಹೇಳು, ನಾನು ಪಕ್ಕದಲ್ಲಿರುತ್ತೇನೆ” ಎಂದೆ. ತಂದೆ ತೋಟದಿಂದ ಬಂದವರು ಎಲ್ಲವನ್ನೂ ಕೇಳಿ ಮೊದಲು ಎಲೆಗಳ ಬಗ್ಗೆಯೇ ಸಿಟ್ಟಾದರು. ಬಳಿಕ ಪೆಟ್ಟಿಗೆಯನ್ನು ತಿರುಗಿಸಿ ಅರ್ಧ ಎದ್ದಿದ್ದ ಚೀಟಿಯನ್ನು ನೋಡಿದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. “ನನಗೆ ಹೆದರಿ ಇಷ್ಟು ದಿನ ಸುಮ್ಮನಿದ್ದೆಯಾ?” ಎಂದು ಮಾತ್ರ ಕೇಳಿದರು.

ಮರುವಾರ ತಂದೆ ಮಗಳು ಕೂಡಿ ಆ ಅಂಗಡಿಗೆ ಹೋದರು. ಸ್ವಲ್ಪ ವಾದವಾದ ಮೇಲೆ ಹೆಚ್ಚುವರಿ 1,350 ರೂಪಾಯಿ ಕೈಸೇರಿತು. ತಂದೆ ಹೊರಡಲು ತಿರುಗಿದಾಗ ಹುಡುಗಿ ಕದಲಲಿಲ್ಲವಂತೆ. ಕಪಾಟಿನಲ್ಲಿದ್ದ ಉಳಿದ ಪೆಟ್ಟಿಗೆಗಳ ಮೇಲೂ ಅಂಥದೇ ಚೀಟಿಗಳಿದ್ದವು. “ನಮ್ಮ ಹಣ ಬಂತಪ್ಪ, ಮುಂದೆ ಬರುವವರದು?” ಎಂದು ಕೇಳಿ, ಅಲ್ಲಿಯೇ ನಿಂತು ಸಹಾಯವಾಣಿಗೆ ಕರೆ ಮಾಡಿ ದೂರನ್ನು ಬರೆಯಿಸಿದಳು.

ಇದನ್ನು ಕೇಳಿದ ರಾತ್ರಿ ನನಗೆ ಕೆರೆಗೆ ಎಸೆದ ಆ ಮಣಿಯ ನೆನಪಾಯಿತು. ಶಾಸ್ತ್ರ ಓದಿದ ನಾನು ಆ ವಯಸ್ಸಿನಲ್ಲಿ ಮಾಡಲಾರದೆ ಹೋದುದನ್ನು ಈ ಮಗು ಮಾಡಿತು. ತಂದೆತಾಯಿಗಳಲ್ಲಿ ನನ್ನ ಅರಿಕೆ ಇಷ್ಟೇ: ಮಕ್ಕಳು ಮೋಸಹೋಗಿ ಬಂದಾಗ ಏನನ್ನು ಕೊಂಡರೆಂದು ಆಮೇಲೆ ವಿಚಾರಿಸೋಣ. ಏನಾಯಿತೆಂದು ಮೊದಲು ಕೇಳೋಣ.