ನಿಮಗಿದು ಗೊತ್ತೆ? ಉಬುಂಟು ಬಿಡುಗಡೆಗೆ ಮುನ್ನ ಊರೂರಲ್ಲಿ ಪರೀಕ್ಷೆ

ಲಂಡನ್ನಿನ ಕೆನಾನಿಕಲ್ ಕಂಪನಿಯ ಬೆಂಬಲದಿಂದ ಬೆಳೆದ, ಕಂಪ್ಯೂಟರನ್ನು ನಡೆಸುವ ಮುಕ್ತ ತಂತ್ರಾಂಶ ಉಬುಂಟು. 2004ರ ಅಕ್ಟೋಬರ್‌ನಲ್ಲಿ ಇದರ ಮೊದಲ ಆವೃತ್ತಿ ಬಂತು. ಈಗ ಪ್ರತಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಹೊಸದು ಬರುತ್ತದೆ. ಅದಕ್ಕೆ ಕೆಲವು ವಾರ ಮೊದಲೇ ಬೀಟಾ ಪ್ರತಿ, ಅಂದರೆ ಪರೀಕ್ಷಾ ಆವೃತ್ತಿ, ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಸ್ವಯಂಸೇವಕರು ಅದನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು ವೈಫೈ, ಧ್ವನಿ, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಿ, ಕಂಡ ದೋಷಗಳನ್ನು ‘ಲಾಂಚ್‌ಪ್ಯಾಡ್’ ಎಂಬ ಜಾಲತಾಣದಲ್ಲಿ ದಾಖಲಿಸುತ್ತಾರೆ.

2006ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಆವೃತ್ತಿಯನ್ನು ಇನ್ನಷ್ಟು ತಿದ್ದಿ ತೀಡಲೆಂದೇ ಜೂನ್ 1ಕ್ಕೆ ಮುಂದೂಡಲಾಗಿತ್ತು. ಅದು ಒಳ್ಳೆಯ ನಿರ್ಧಾರವೇ. ಏಕೆಂದರೆ ಒಂದು ದೋಷ ಕಣ್ತಪ್ಪಿದರೂ ಪೆಟ್ಟು ದೊಡ್ಡದು: 2017ರ ಅಕ್ಟೋಬರ್‌ನಲ್ಲಿ ಬಂದ 17.10 ಆವೃತ್ತಿ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳ ಬಯಾಸ್ ಅನ್ನೇ, ಅಂದರೆ ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶವನ್ನೇ, ಕೆಡಿಸಿತು. ಡಿಸೆಂಬರ್‌ನಲ್ಲಿ ಅದರ ಡೌನ್‌ಲೋಡ್ ನಿಲ್ಲಿಸಿ, ಮುಂದಿನ ತಿಂಗಳು ಸರಿಪಡಿಸಿದ ಪ್ರತಿಯನ್ನು ಕೊಡಬೇಕಾಯಿತು. ಲೋಕದಲ್ಲಿರುವ ಎಲ್ಲ ಮಾದರಿಯ ಯಂತ್ರಗಳೂ ಯಾವ ಕಚೇರಿಯಲ್ಲೂ ಇರುವುದಿಲ್ಲವಲ್ಲ! ಅದಕ್ಕೇ ಊರೂರಲ್ಲಿ ಪರೀಕ್ಷೆ ಬೇಕು.

ಪರೀಕ್ಷಿಸಲು ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ. ಉದಾಹರಣೆಗೆ, ಒತ್ತಕ್ಷರಗಳು ಪರದೆಯ ಮೇಲೆ ಸರಿಯಾಗಿ ಮೂಡುತ್ತಿವೆಯೇ ಎಂಬುದನ್ನು ಕನ್ನಡ ಓದಬಲ್ಲವರೇ ಹೇಳಬೇಕು. ಪೆನ್‌ಡ್ರೈವ್‌ನಿಂದಲೇ ಉಬುಂಟುವನ್ನು ಚಾಲೂ ಮಾಡಿ ನೋಡಬಹುದು. ಆದರೆ ದಿನನಿತ್ಯದ ಕೆಲಸದ ಕಂಪ್ಯೂಟರಿಗೆ ಬೀಟಾ ಹಾಕಬೇಡಿ.