ಸದ್ದು ಕೇಳದ ಪಾಠದಲ್ಲಿ ಕಂಡ ‘ಟೈಪ್’

ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮ್ಮಂಥ ವಾಣಿಜ್ಯ ವಿದ್ಯಾರ್ಥಿಗಳಿಗೆ ‘ಡೇಟಾ ಟೈಪ್’ ಎಂಬ ಮಾತು ಹೊಸದಲ್ಲ. ಪೂರ್ಣಾಂಕ, ದಶಮಾಂಶ, ಅಕ್ಷರ ಎಂದು ಮೂರ್ನಾಲ್ಕು ಹೆಸರು ಬರೆದು, ಸಿಗುವ ಅಂಕ ತೆಗೆದುಕೊಂಡು ಮುಂದೆ ಹೋಗುತ್ತೇವೆ. ಆ ಸಣ್ಣ ಪ್ರಶ್ನೆಯ ಹಿಂದೆ ಎಷ್ಟು ದೊಡ್ಡ ವಿಚಾರ ಇದೆ ಎಂದು ನನಗೆ ತೋರಿಸಿದ್ದು ಒಂದು ಕೆಟ್ಟ ರೆಕಾರ್ಡಿಂಗ್. ಅದರಲ್ಲಿ ತಿಳಿದದ್ದನ್ನು ಗೆಳೆಯರೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಅದು ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಟೈಪ್‌ಗಳ ಬಗ್ಗೆ ಇಂಗ್ಲಿಷಿನಲ್ಲಿ ನಡೆದ ಒಂದು ಹಳೆಯ ಉಪನ್ಯಾಸ. ಕ್ಯಾಮೆರಾವನ್ನು ಸಭಾಂಗಣದ ಹಿಂದೆ ಇಟ್ಟಿದ್ದರು. ಫ್ಯಾನಿನ ಸದ್ದು ಜೋರು, ಪಾಠ ಹೇಳುವವರ ದನಿ ಸಣ್ಣದು. ಅವರು ಬೋರ್ಡಿನ ಕಡೆ ತಿರುಗಿದರೆ ಏನೂ ಕೇಳುತ್ತಿರಲಿಲ್ಲ. ಅಮ್ಮಿನಬಾವಿಯ ನಮ್ಮ ಮನೆಯಲ್ಲಿ ಸಂಜೆ ನೆಟ್‌ವರ್ಕ್ ನಿಧಾನ, ಹಾಗಾಗಿ ಚಿತ್ರವೂ ಮಸುಕು. ಆದರೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ ಕೆಲವು ಸಾಲುಗಳು ಮಾತ್ರ ಸ್ಪಷ್ಟವಾಗಿದ್ದವು. ಪ್ರತಿ ಸಾಲಿನಲ್ಲೂ ಒಂದು ಬಾಣದ ಗುರುತು ಇತ್ತು. ಆ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಮಾತು ಅರ್ಧ ಕೇಳದಿದ್ದರೂ ಪಾಠ ಅರ್ಥವಾಗತೊಡಗಿತು. ಅದು ಹೇಗೆ ಸಾಧ್ಯ ಎಂಬುದೇ ಈ ಲೇಖನದ ವಿಷಯ.

ಬಾಣದ ಅರ್ಥ

ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಇಡೀ ಪ್ರೋಗ್ರಾಮು ಫಂಕ್ಷನ್‌ಗಳಿಂದ ಕಟ್ಟಿದ್ದು. ಫಂಕ್ಷನ್ ಎಂದರೆ ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಕೊಡುವ ನಿಯಮ. ಅದೇ ಇನ್‌ಪುಟ್ ಕೊಟ್ಟರೆ ಪ್ರತಿ ಸಲವೂ ಅದೇ ಉತ್ತರ ಬರಬೇಕು. ಬಾಣದ ಎಡಕ್ಕೆ ಇರುವುದು ಒಳಗೆ ಹೋಗುವ ವಸ್ತುವಿನ ಟೈಪ್, ಬಲಕ್ಕೆ ಇರುವುದು ಹೊರಗೆ ಬರುವ ವಸ್ತುವಿನ ಟೈಪ್.

ನಮ್ಮ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಸವದತ್ತಿಯ ಕಡೆಯಿಂದ ಮಲಪ್ರಭಾ ನದಿಯ ನೀರು ಪೈಪಿನಲ್ಲಿ ಅಮ್ಮಿನಬಾವಿಯ ನೀರು ಶುದ್ಧೀಕರಣ ಘಟಕಕ್ಕೆ ಬರುತ್ತದೆ, ಇಲ್ಲಿಂದ ಧಾರವಾಡ, ಹುಬ್ಬಳ್ಳಿಗೆ ಹೋಗುತ್ತದೆ. ಬಾಣದ ಭಾಷೆಯಲ್ಲಿ ಹೀಗೆ ಬರೆಯಬಹುದು:

ಘಟಕ : ಹೊಳೆನೀರು → ಶುದ್ಧನೀರು
ನಳ : ಶುದ್ಧನೀರು → ಮನೆಯ ಕೊಡ

ಮೊದಲನೆಯದರ ಬಲಭಾಗವೂ ಎರಡನೆಯದರ ಎಡಭಾಗವೂ ಒಂದೇ. ಆದ್ದರಿಂದ ಎರಡನ್ನೂ ಜೋಡಿಸಬಹುದು. ಹೊಳೆನೀರನ್ನು ನೇರವಾಗಿ ನಳಕ್ಕೆ ಬಿಡಲು ಹೋದರೆ ಟೈಪ್ ಹೊಂದುವುದಿಲ್ಲ. ಯಾರೂ ನೀರು ಕುಡಿದು ಕಾಯಿಲೆ ಬೀಳಬೇಕಾಗಿಲ್ಲ, ಕಾಗದದ ಮೇಲೆಯೇ ತಪ್ಪು ಕಾಣುತ್ತದೆ. ಟೈಪ್ ಇರುವುದೇ ಇದಕ್ಕೆ.

ಎಲ್ಲ ಕಂಪ್ಯೂಟರ್ ಭಾಷೆಗಳೂ ಇದರಲ್ಲಿ ಒಂದೇ ರೀತಿ ಇಲ್ಲ. ಅಕ್ಷರವಾಗಿ ಬರೆದ "5"ಕ್ಕೆ 3 ಕೂಡಿಸು ಎಂದರೆ ಜಾವಾಸ್ಕ್ರಿಪ್ಟ್ "53" ಎಂದು ಕೊಟ್ಟು ಸುಮ್ಮನಾಗುತ್ತದೆ. ಪೈಥಾನ್ ಆ ಸಾಲಿಗೆ ಬಂದಾಗ ನಿಂತು ತಪ್ಪು ಎನ್ನುತ್ತದೆ. ಹ್ಯಾಸ್ಕೆಲ್ ಭಾಷೆ ಪ್ರೋಗ್ರಾಮನ್ನು ಓಡಿಸುವ ಮೊದಲೇ ಒಪ್ಪುವುದಿಲ್ಲ.

ಭಾಷೆಯಲ್ಲೂ ಟೈಪ್ ಇದೆ

ಇದು ಕಂಪ್ಯೂಟರಿನವರು ಮಾತ್ರ ಮಾಡುವ ಕೆಲಸ ಎಂದುಕೊಳ್ಳಬೇಡಿ. ನಮ್ಮ ಮನೆಯ ಮಾತು ಉರ್ದು. ಉರ್ದುವಿನಲ್ಲಿ ‘ದೋ ಬೈಲ್’, ‘ದೋ ಕಿಸಾನ್’. ಎತ್ತಿಗೂ ರೈತನಿಗೂ ಒಂದೇ ‘ದೋ’. ಕನ್ನಡದಲ್ಲಿ ಎರಡು ಎತ್ತು, ಆದರೆ ಇಬ್ಬರು ರೈತರು. ಎಣಿಸುವುದು ಮನುಷ್ಯರನ್ನೋ ಬೇರೆಯದನ್ನೋ ಎಂದು ಕನ್ನಡ ಮೊದಲೇ ಕೇಳುತ್ತದೆ. ‘ಇಬ್ಬರು’ ಎಂಬ ಒಂದೇ ಪದ ಕಿವಿಗೆ ಬಿದ್ದರೂ ಸಾಕು, ಮುಂದಿನ ಪದ ಕೇಳದಿದ್ದರೂ ಅಲ್ಲಿ ಜನ ಇದ್ದಾರೆ ಎಂದು ಗೊತ್ತಾಗುತ್ತದೆ. ಆ ಉಪನ್ಯಾಸದಲ್ಲಿ ನನಗೆ ನೆರವಾದದ್ದೂ ಇದೇ ಗುಣ.

ಹೆಸರಿಲ್ಲದೆ ಫಂಕ್ಷನ್ ಗುರುತಿಸುವುದು

ಬೋರ್ಡಿನ ಒಂದು ಸಾಲು ಹೀಗಿತ್ತು: [ಎ] → [ಎ]. ಚೌಕ ಆವರಣ ಎಂದರೆ ಪಟ್ಟಿ. ‘ಎ’ ಎಂದರೆ ಯಾವ ಟೈಪ್ ಆದರೂ ಆಗಬಹುದು. ಅಂದರೆ ಈ ಫಂಕ್ಷನ್‌ಗೆ ಪಟ್ಟಿಯೊಳಗೆ ಏನಿದೆ ಎಂದೇ ಗೊತ್ತಿಲ್ಲ.

ಎಪಿಎಂಸಿಯಲ್ಲಿ ಬಾಯಿ ಹೊಲಿದ ಚೀಲಗಳನ್ನು ಹೊರುವ ಹಮಾಲರನ್ನು ನೆನೆಸಿಕೊಳ್ಳಿ. ಒಳಗೆ ಹೆಸರು ಇದೆಯೋ ಕಡಲೆ ಇದೆಯೋ ಅವರಿಗೆ ಬೇಕಾಗಿಲ್ಲ. ಅವರು ಚೀಲಗಳ ಸಾಲು ಬದಲಿಸಬಹುದು, ಕೆಲವನ್ನು ಬಿಡಬಹುದು. ಹೆಸರನ್ನು ಕಡಲೆ ಮಾಡಲಾರರು. ಈ ಫಂಕ್ಷನ್ನೂ ಹಾಗೆಯೇ. ಪಟ್ಟಿಯನ್ನು ತಿರುವಿಹಾಕಬಹುದು, ಕೆಲವನ್ನು ಬಿಡಬಹುದು, ಇದ್ದದ್ದನ್ನೇ ಮತ್ತೊಮ್ಮೆ ಇಡಬಹುದು. ಹೊಸ ವಸ್ತುವನ್ನು ತಾನಾಗಿ ಹುಟ್ಟಿಸಲಾರದು. ಫಂಕ್ಷನ್ನಿನ ಹೆಸರು ನನಗೆ ಕೇಳಿರಲಿಲ್ಲ, ಆದರೂ ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಬಾಣದ ಸಾಲಿನಿಂದಲೇ ತಿಳಿಯಿತು. ಫಿಲಿಪ್ ವಾಡ್ಲರ್ ಎಂಬ ವಿಜ್ಞಾನಿ 1989ರಲ್ಲಿ ಒಂದು ಪ್ರಬಂಧ ಬರೆದು, ಟೈಪ್ ಒಂದನ್ನೇ ನೋಡಿ ಫಂಕ್ಷನ್ ಬಗ್ಗೆ ಖಚಿತವಾದ ಪ್ರಮೇಯಗಳನ್ನು ಹೇಳಬಹುದು ಎಂದು ತೋರಿಸಿದರು.

ಇನ್ನೊಂದು ಸಾಲಿನಲ್ಲಿ ಎರಡು ಬಾಣ ಇದ್ದವು. ಅದನ್ನು ಜಿಎಸ್‌ಟಿಗೆ ಹೊಂದಿಸಿ ನೋಡಿದೆ:

ತೆರಿಗೆಲೆಕ್ಕ : ದರ → ಬೆಲೆ → ತೆರಿಗೆ

ಮೊದಲು ದರ 18 ಎಂದು ಮಾತ್ರ ಕೊಟ್ಟರೆ ಉತ್ತರ ಇನ್ನೂ ಬರುವುದಿಲ್ಲ. ಅದರ ಬದಲು ‘ಬೆಲೆ → ತೆರಿಗೆ’ ಎಂಬ ಹೊಸ ಫಂಕ್ಷನ್ ಸಿಗುತ್ತದೆ. ಅದಕ್ಕೆ 2,000 ರೂಪಾಯಿ ಕೊಟ್ಟರೆ 360 ಬರುತ್ತದೆ. ಹೀಗೆ ಒಂದೊಂದೇ ಇನ್‌ಪುಟ್ ತೆಗೆದುಕೊಳ್ಳುವ ಕ್ರಮಕ್ಕೆ ‘ಕರಿಯಿಂಗ್’ ಎನ್ನುತ್ತಾರೆ. ವಿಡಿಯೊದ ಕೆಳಗೆ ತಾನಾಗಿ ಬರುವ ಅಕ್ಷರಗಳಲ್ಲಿ ಅದು ಅಡುಗೆಯ ಕರಿಯಂತೆಯೇ ಕಾಣುತ್ತಿತ್ತು! ನಿಜವಾಗಿ ಅದು ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರು. ಅವರ ಮೊದಲ ಹೆಸರನ್ನು ಹ್ಯಾಸ್ಕೆಲ್ ಭಾಷೆಗೆ ಇಟ್ಟರು, ಕೊನೆಯ ಹೆಸರು ಈ ಕ್ರಮಕ್ಕೆ ಬಂತು.

ಇದು ಎಲ್ಲಿಂದ ಬಂತು?

ಟೈಪ್ ಎಂಬ ವಿಚಾರ ಕಂಪ್ಯೂಟರಿಗಿಂತ ಹಳೆಯದು. ಗಣಿತದ ತಳಪಾಯದಲ್ಲಿ ಕಂಡ ವಿರೋಧಾಭಾಸಗಳನ್ನು ತಪ್ಪಿಸಲು ಬರ್ಟ್ರಂಡ್ ರಸೆಲ್ 1900ರ ದಶಕದಲ್ಲಿ ಟೈಪ್‌ಗಳನ್ನು ತಂದರು. ಅಲೊಂಜೊ ಚರ್ಚ್ 1940ರಲ್ಲಿ ಅವನ್ನು ತಮ್ಮ ಲ್ಯಾಂಬ್ಡಾ ಕ್ಯಾಲ್ಕುಲಸ್‌ಗೆ ಸೇರಿಸಿದರು. ನಾವು ಪ್ರತಿ ಟೈಪನ್ನೂ ಬರೆಯದಿದ್ದರೂ ಕಂಪ್ಯೂಟರ್ ತಾನೇ ಅದನ್ನು ಕಂಡುಹಿಡಿಯುವ ವಿಧಾನವನ್ನು ರಾಬಿನ್ ಮಿಲ್ನರ್ 1978ರಲ್ಲಿ ಪ್ರಕಟಿಸಿದರು. ಹ್ಯಾಸ್ಕೆಲ್ ಭಾಷೆಯ ಮೊದಲ ವರದಿ ಹೊರಬಂದದ್ದು 1990ರಲ್ಲಿ.

ಚೀಲವೋ, ಕಿಲೋವೋ?

ಇದೆಲ್ಲ ವಾಣಿಜ್ಯದವರಿಗೆ ಯಾಕೆ ಎಂದು ಕೇಳಬಹುದು. ನನಗೆ ಇದು ಮನಸ್ಸಿಗೆ ತಾಗಿದ್ದು ಒಂದು ಚೀಟಿಯ ಕಾರಣದಿಂದ. ನಮ್ಮ ಅಬ್ಬಾ ಹೆಸರುಕಾಳು ಮಾರಿದಾಗ ಕೊಂಡವರು ಕೊಟ್ಟ ಚೀಟಿಯಲ್ಲಿ ಬರೀ ‘18’ ಎಂದಿತ್ತು. ಹದಿನೆಂಟು ಚೀಲ ಎಂಬುದು ಇಬ್ಬರಿಗೂ ಒಪ್ಪಿಗೆ. ಆದರೆ ಅಬ್ಬಾ ತುಂಬಿದ್ದು 60 ಕಿಲೋ ಚೀಲ, ಅವರು ಲೆಕ್ಕ ಹಿಡಿದದ್ದು 50 ಕಿಲೋ. 1,080 ಕಿಲೋ ಇದ್ದದ್ದು 900 ಆಯಿತು. ಕ್ವಿಂಟಲ್‌ಗೆ 7,000 ರೂಪಾಯಿ ಹಿಡಿದರೂ 180 ಕಿಲೋಗೆ 12,600 ರೂಪಾಯಿ. ನನ್ನ ಫೀ ಕಟ್ಟಲು ಇಟ್ಟುಕೊಂಡ ದುಡ್ಡು ಅದರಲ್ಲೇ ಇತ್ತು. ಅರ್ಧ ದಿನ ಮಾತಾಡಿ, ಕೊನೆಗೆ ನಡುವಿನ ಲೆಕ್ಕಕ್ಕೆ ಒಪ್ಪಿ ಅಬ್ಬಾ ಮನೆಗೆ ಬಂದರು.

ಹ್ಯಾಸ್ಕೆಲ್‌ನಲ್ಲಿ ಚೀಲವನ್ನೂ ಕಿಲೋವನ್ನೂ ಬೇರೆ ಬೇರೆ ಟೈಪ್ ಎಂದು ಘೋಷಿಸಬಹುದು. ಆಗ ಚೀಲದ ಸಂಖ್ಯೆಯನ್ನು ಕಿಲೋ ಬೇಕಾದ ಜಾಗದಲ್ಲಿ ಇಟ್ಟರೆ ಪ್ರೋಗ್ರಾಮು ಮುಂದೆ ಹೋಗುವುದಿಲ್ಲ. ‘ಚೀಲ → ಕಿಲೋ’ ಎಂಬ ಫಂಕ್ಷನ್ ಬರೆಯಲೇಬೇಕು. ಅದನ್ನು ಬರೆಯುವಾಗ ಒಂದು ಚೀಲಕ್ಕೆ ಎಷ್ಟು ಕಿಲೋ ಎಂಬ ಪ್ರಶ್ನೆ ಎಲ್ಲರ ಮುಂದೆ ಬರುತ್ತದೆ. ಮಾಲು ಹೋದ ಮೇಲೆ ಆಗುವ ಜಗಳ ಮಾಲು ಹೋಗುವ ಮೊದಲೇ ಆಗುತ್ತದೆ.

ದೊಡ್ಡವರಿಗೂ ಈ ತೊಂದರೆ ತಪ್ಪಿಲ್ಲ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹದ ಬಳಿ ಕಳೆದುಹೋಯಿತು. ಒಂದು ಸಾಫ್ಟ್‌ವೇರ್ ಪೌಂಡ್ ಅಳತೆಯಲ್ಲಿ ಅಂಕಿ ಕೊಟ್ಟಿತ್ತು, ಅದನ್ನು ಪಡೆದವರು ನ್ಯೂಟನ್ ಅಳತೆ ಎಂದು ಓದಿದ್ದರು. ಅಲ್ಲಿಯೂ ಅಂಕಿ ಇತ್ತು, ಅದರ ಟೈಪ್ ಇರಲಿಲ್ಲ.

ಟೈಪ್ ಹಿಡಿಯದ ತಪ್ಪು

ಟೈಪ್ ಇದ್ದರೆ ಎಲ್ಲವೂ ಸರಿ ಎಂದು ತಿಳಿಯಬಾರದು. ಇದನ್ನು ಅಕೌಂಟೆನ್ಸಿಯವರಿಗೆ ಹೇಳಿಕೊಡಬೇಕಾಗಿಲ್ಲ. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸಮ ಬಂದರೂ, ಪೂರ್ತಿ ಬಿಟ್ಟುಹೋದ ವ್ಯವಹಾರವನ್ನು ಅದು ತೋರಿಸುವುದಿಲ್ಲ. ಯಂತ್ರ ಕೊಂಡದ್ದನ್ನು ಖರೀದಿ ಖಾತೆಗೆ ಬರೆದರೂ ತೋರಿಸುವುದಿಲ್ಲ. ಹಾಗೆಯೇ ಯಾರಾದರೂ 60ರ ಬದಲು 50 ಎಂದೇ ಬರೆದರೆ ಟೈಪ್ ಅದನ್ನು ಹಿಡಿಯದು. ವಸ್ತು ಯಾವ ಬಗೆಯದು ಎಂದು ಟೈಪ್ ನೋಡುತ್ತದೆ, ಬರೆದವರು ನಿಜ ಹೇಳಿದ್ದಾರೆಯೇ ಎಂದಲ್ಲ. ಆದರೂ ಟ್ರಯಲ್ ಬ್ಯಾಲೆನ್ಸ್ ಬೇಡ ಎಂದು ಯಾರೂ ಹೇಳುವುದಿಲ್ಲ.

ಹಣಕಾಸಿನ ಲೋಕವೂ ಇದನ್ನು ಗಮನಿಸಿದೆ. 2000ದಲ್ಲಿ ಸೈಮನ್ ಪೇಟನ್ ಜೋನ್ಸ್ ಮತ್ತು ಇಬ್ಬರು ಸಹಲೇಖಕರು, ಹಣಕಾಸು ಒಪ್ಪಂದಗಳನ್ನು ಸಣ್ಣ ಸಣ್ಣ ತುಂಡುಗಳಿಂದ ಟೈಪ್ ಹೊಂದುವಂತೆ ಕಟ್ಟುವುದು ಹೇಗೆ ಎಂದು ಹ್ಯಾಸ್ಕೆಲ್‌ನಲ್ಲಿ ತೋರಿಸಿದರು. ಜೇನ್ ಸ್ಟ್ರೀಟ್ ಎಂಬ ಷೇರು ವ್ಯವಹಾರದ ಕಂಪನಿ ತನ್ನ ಕೆಲಸಕ್ಕೆ ಒಕ್ಯಾಮಲ್ ಎಂಬ ಇದೇ ಜಾತಿಯ ಭಾಷೆಯನ್ನು ಬಳಸುತ್ತದೆ. ಬಿ.ಕಾಂ. ಅಥವಾ ಬಿ.ಸಿ.ಎ. ಎಂದು ಯೋಚಿಸುತ್ತಿರುವವರು ಇದನ್ನು ನೆನಪಿನಲ್ಲಿಡಬಹುದು.

ನೀವು ನೋಡುವುದಾದರೆ

ಕಲಿಯಲು ನನ್ನ ಹಾಗೆ ಮಸುಕು ವಿಡಿಯೊವನ್ನೇ ಹುಡುಕಬೇಕಾಗಿಲ್ಲ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಮತ್ತು ಎಸ್.ಪಿ. ಸುರೇಶ್ ಅವರು ಹ್ಯಾಸ್ಕೆಲ್ ಬಗ್ಗೆ ಮಾಡಿದ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಇವೆ. ಹ್ಯಾಸ್ಕೆಲ್ ಕೂಡ ಉಚಿತ. ಯಾವ ಪಾಠ ನೋಡಿದರೂ ನನಗೆ ಉಪಯೋಗವಾದ ಕ್ರಮ ಇದು: ಬಾಣದ ಸಾಲು ಬಂದ ಕೂಡಲೇ ವಿಡಿಯೊ ನಿಲ್ಲಿಸಿ. ಅದನ್ನು ಬರೆದುಕೊಳ್ಳಿ. ಏನು ಒಳಗೆ ಹೋಗುತ್ತದೆ, ಏನು ಹೊರಗೆ ಬರುತ್ತದೆ ಎಂದು ನಮ್ಮ ಅಂಗಡಿ, ಹೊಲ, ಮನೆಯ ವಸ್ತು ಇಟ್ಟು ಊಹಿಸಿ. ಆಮೇಲೆ ಮುಂದೆ ಕೇಳಿ.

ಅಷ್ಟರವರೆಗೆ, ಮನೆಯಲ್ಲಿ ಯಾರಾದರೂ ಚೀಟಿ ತಂದರೆ ಒಮ್ಮೆ ನೋಡಿ. ಅಂಕಿಯ ಮುಂದೆ ಚೀಲ, ಕಿಲೋ, ಲೀಟರ್, ರೂಪಾಯಿ ಎಂದು ಏನೂ ಇಲ್ಲದಿದ್ದರೆ, ಪೆನ್ನು ಕೊಟ್ಟು ಅಲ್ಲಿಯೇ ಬರೆಸಿಕೊಳ್ಳಲು ಹೇಳಿ.